ಮೇವಿನ ಲೆಕ್ಕ

(ಬಾನುಲಿ ಭಾಷಣ)

ಮೂಡಲಪಾಳ್ಯವೆಂಬ ಹೆಸರನ್ನು ಕೇಳಿದವರು ಆ ಊರು ಬೆಂಗಳೂರಿನ ಮೂಡಣ ದಿಕ್ಕಿಗಿರಬೇಕೆಂದು ಊಹಿಸಿದರೆ ಅದು ಅವರ ತಪ್ಪಲ್ಲ. ಆದರೆ ಅದಿರುವುದು ನಗರದ ಪಡುವಣಕ್ಕೆ, ವಿಜಯನಗರಕ್ಕೂ ನಾಗರಬಾವಿಗೂ ನಡುವೆ. ಒಂದು ಕಾಲದ ಹಳ್ಳಿ. ಈಗ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ಬಡಾವಣೆ. ಅಲ್ಲಿನ ಒಂದು ಅಡ್ಡರಸ್ತೆಯಲ್ಲಿ ನನ್ನ ಮನೆ. ಮನೆಯ ಮೆಟ್ಟಿಲಿಗೂ ಗೇಟಿಗೂ ನಡುವೆ ಎರಡು ಮಾರು ನೆಲ. ಆ ನೆಲದಲ್ಲಿ ಒಂದು ದಾಳಿಂಬೆ ಗಿಡ, ಒಂದು ತುಳಸಿಕಟ್ಟೆ. ನನ್ನ ಜಮೀನು ಇಷ್ಟೆ.

ಒಂದು ವರ್ಷ ಪುಷ್ಯ ಮಾಸದ ಚಳಿಯಲ್ಲಿ ಆ ದಾಳಿಂಬೆಯ ಕೊಂಬೆಗೆ ಕೋಲುಜೇನು ಬಂದು ಕಟ್ಟಿತು. ಕೆಲವರು ಇದನ್ನು ಕಡ್ಡಿಜೇನು ಎನ್ನುತ್ತಾರೆ. ಅಂಗೈಯಗಲದ ಒಂದೇ ಒಂದು ಎರಿ. ಅದನ್ನು ಮುಚ್ಚಿಕೊಂಡು ಪರದೆಯಂತೆ ಕುಳಿತ ಪುಟ್ಟ ನೊಣಗಳು. ಪ್ರಾಣಿಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ, ಪುಸ್ತಕದಲ್ಲಿ ಓದಿ ಒಪ್ಪಿಸಿದ್ದನ್ನು ಕಣ್ಣಾರೆ ಕಾಣುವ ಸುಯೋಗ ಮನೆಬಾಗಿಲಿಗೇ ಬಂದಂತಾಯಿತು. ಬೆಳಗಿನ ಬಿಸಿಲು ಏರುತ್ತಲೂ ತುಳಸಿಕಟ್ಟೆಯ ಬಳಿ ಕುರ್ಚಿ ಹಾಕಿಕೊಂಡು ಕೂರುವುದು ನನ್ನ ದಿನಚರಿಯಾಯಿತು.

ಕೂತು ನೋಡುತ್ತಿದ್ದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಒಂದು ನೊಣ ತುಳಸಿಯ ತೆನೆಯ ಮೇಲೆ ಇಳಿಯುತ್ತದೆ. ನಾಲ್ಕಾರು ಹೂಗಳಿಗೆ ಮೂತಿ ಇಡುತ್ತದೆ. ಆ ತೆನೆಯಲ್ಲಿ ಇನ್ನೂ ಹೂಗಳಿರುವಾಗಲೇ ಅದನ್ನು ಬಿಟ್ಟು ಹಾರುತ್ತದೆ. ಎದುರಿಗಿರುವ ತುತ್ತನ್ನು ಬಿಟ್ಟು ಕಾಣದ ತುತ್ತಿಗೆ ಹಾರುವುದು ಜಾಣತನವೆ? ಕೈಯಲ್ಲಿರುವುದನ್ನು ಬಿಡಬಾರದೆಂದಲ್ಲವೆ ನಮ್ಮ ಹಿರಿಯರು ನಮಗೆ ಹೇಳಿಕೊಟ್ಟದ್ದು?

ಹಿರಿಯರೆಂದಾಗ ನನಗೆ ನೆನಪಾಗುವುದು ನನ್ನ ಅಜ್ಜ. ಅವರು ಮಾಗಡಿ ಸೀಮೆಯವರು. ಕುರಿ ಕಾಯ್ದು ಬದುಕಿದವರು. ಶಾಲೆಗೆ ರಜವಿದ್ದಾಗ ನಾನೂ ಅವರ ಹಿಂದೆ ಹೋಗುತ್ತಿದ್ದೆ. ಒಂದು ದಿನ, ಹುಲ್ಲು ಇನ್ನೂ ಇರುವಾಗಲೇ ಅಜ್ಜ ಮಂದೆಯನ್ನು ಎಬ್ಬಿಸಿದ್ದು ಕಂಡು, ಇದ್ದದ್ದನ್ನೆಲ್ಲ ಮೇಯಿಸಿಯೇ ಹೋಗೋಣವೆಂದು ನಾನು ಹಟ ಮಾಡಿದೆ. ಅಜ್ಜ ನಕ್ಕರು. “ಹುಲ್ಲು ನೋಡಬ್ಯಾಡ ಕಣ್ಲಾ ಮಗ, ಕುರಿ ಕತ್ತು ನೋಡು. ಕತ್ತು ಎತ್ತೋದು ಜಾಸ್ತಿ ಆಯ್ತು ಅಂದ್ರೆ ಮೇವು ತೆಳ್ಳಗಾಯ್ತು ಅಂತ. ಮುಂದ್ಲ ಬೀಳು ಹತ್ರ ಇದ್ರೆ ಈಗ್ಲೇ ಎಬ್ಸು. ದೂರ ಇದ್ರೆ ಇನ್ನೊಂದು ಗಳಿಗೆ ನಿಲ್ಸು,” ಎಂದರು. ಆ ಮಾತಿನೊಳಗೆ ಒಂದು ಶಾಸ್ತ್ರವೇ ಅಡಗಿತ್ತೆಂದು ತಿಳಿಯಲು ನಾನು ಕಾಲೇಜಿನ ಮೆಟ್ಟಿಲು ಹತ್ತಬೇಕಾಯಿತು.

ಪ್ರಕೃತಿಯಲ್ಲಿ ಆಹಾರವು ಹಸೆಯ ಮೇಲೆ ಹರಡಿದ ಅಕ್ಕಿಯಂತೆ ಸಮನಾಗಿ ಇರುವುದಿಲ್ಲ. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ನಡುವೆ ಏನೂ ಇಲ್ಲದ ಬಯಲು. ಹೂಬಿಟ್ಟ ಮರ, ಹಣ್ಣಾದ ಅತ್ತಿ, ಮಳೆಬಿದ್ದ ಕಡೆಯ ಹಸಿರು, ಎಲ್ಲವೂ ಹೀಗೆ ತೇಪೆತೇಪೆಯಾಗಿಯೇ ಇರುವಂಥವು. ಇಂತಹ ನೆಲದಲ್ಲಿ ಪ್ರಾಣಿ ಹೇಗೆ ಮೇಯಬೇಕೆಂಬ ಪ್ರಶ್ನೆಯನ್ನು 1966ರಲ್ಲಿ ಅಮೆರಿಕದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎರಿಕ್ ಪಿಯಾಂಕಾ ಎತ್ತಿದರು. ಅದೇ ವರ್ಷ ಎಮ್ಲೆನ್ ಎಂಬವರೂ ಎತ್ತಿದರು. ಒಂದು ಮೇವಿನ ತಾಣವನ್ನು ಯಾವಾಗ ಬಿಡಬೇಕು ಎಂಬ ಅಂಶಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟವರು ಎರಿಕ್ ಚಾರ್ನೋವ್, 1976ರಲ್ಲಿ. ಅವರ ಸೂತ್ರವನ್ನು ಗಣಿತದ ಭಾಷೆ ಬಿಟ್ಟು ಹೇಳುವುದಾದರೆ ಇಷ್ಟೆ: ಈ ತಾಣದಲ್ಲಿ ಈ ಗಳಿಗೆ ಸಿಗುತ್ತಿರುವುದು, ಓಡಾಟವನ್ನೂ ಸೇರಿಸಿ ದಿನವಿಡೀ ಸಿಗುವ ಸರಾಸರಿಯ ಮಟ್ಟಕ್ಕೆ ಇಳಿದ ಕ್ಷಣವೇ ಹೊರಡುವ ಕ್ಷಣ.

ಇದನ್ನು ಮಾಗಡಿಯವನಿಗೆ ತಕ್ಕ ಉದಾಹರಣೆಯಿಂದಲೇ ಹೇಳುತ್ತೇನೆ. ನೀವು ಅವರೆಕಾಯಿ ಬಿಡಿಸಲು ಹೊಲಕ್ಕಿಳಿದಿರೆಂದು ಭಾವಿಸಿ. ಒಂದು ಗಿಡದ ಮುಂದೆ ನಿಂತರೆ ಮೊದಲ ನಿಮಿಷದಲ್ಲಿ 10 ಕಾಯಿ ಕೈಗೆ ಸಿಗುತ್ತವೆ. ಎರಡನೆಯ ನಿಮಿಷ 6, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 2, ಐದನೆಯದರಲ್ಲಿ ಎಲೆಯ ಮರೆಯ ಒಂದೇ ಒಂದು. ಮುಂದಿನ ಗಿಡ ಒಂದು ನಿಮಿಷದ ದಾರಿಯಾದರೆ ಎಷ್ಟು ಹೊತ್ತು ನಿಲ್ಲಬೇಕು? ಲೆಕ್ಕ ಹಾಕಿ ನೋಡಿದರೆ, ಎರಡು ನಿಮಿಷ. ಆಗ ನಡಿಗೆಯೂ ಸೇರಿ ಮೂರು ನಿಮಿಷಕ್ಕೆ 16 ಕಾಯಿ. ನಿಮಿಷಕ್ಕೆ ಐದಕ್ಕೂ ಮಿಕ್ಕಿ. ಅದಕ್ಕಿಂತ ಮೊದಲು ಹೊರಟರೂ ನಷ್ಟ, ಆಮೇಲೆ ಹೊರಟರೂ ನಷ್ಟ. ಈಗ ಗಿಡಗಳನ್ನು ಹಾಗೆಯೇ ಇರಿಸಿ, ನಡುವಣ ದಾರಿಯನ್ನು ಮಾತ್ರ ಹತ್ತು ನಿಮಿಷಕ್ಕೆ ಹಿಗ್ಗಿಸಿ. ಆಗ ನಾಲ್ಕು ನಿಮಿಷ ನಿಂತು 22 ಕಾಯಿ ಕೀಳುವುದೇ ಮೇಲು. ಆದರೂ ನಿಮಿಷಕ್ಕೆ ಬೀಳುವುದು ಒಂದೂವರೆ ಕಾಯಿಯಷ್ಟೆ.

ಇಲ್ಲಿ ಶ್ರೋತೃಗಳು ಒಂದು ಮಾತನ್ನು ಗಮನಿಸಬೇಕು. ಯಾವ ಗಿಡದಲ್ಲಿಯೂ ಒಂದು ಕಾಯಿ ಕಡಮೆಯಾಗಲಿಲ್ಲ. ಕೀಳುವವನ ಕೈಚಳಕವೂ ಕುಂದಲಿಲ್ಲ. ದೂರ ಹೆಚ್ಚಿತು, ಅಷ್ಟೆ. ಅಷ್ಟರಿಂದಲೇ ಅವನು ಪ್ರತಿ ಗಿಡವನ್ನೂ ಹೆಚ್ಚು ಬೋಳಿಸಿದ. ಹಾಗೆ ಬೋಳಿಸಿಯೂ ಅವನ ಗಳಿಕೆ ಮೂರನೆಯ ಒಂದು ಪಾಲಿಗಿಂತ ಕೆಳಗಿಳಿಯಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮತ್ತೆ ಇದೇ ಮಾತಿಗೆ ಬರುತ್ತೇನೆ.

ಪ್ರಾಣಿಗಳು ನಿಜವಾಗಿಯೂ ಹೀಗೆ ನಡೆಯುತ್ತವೆಯೆ? 1977ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಕೌವಿ ಎಂಬವರು ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಈ ಹಕ್ಕಿಯ ಹತ್ತಿರದ ಬಂಧುವೊಂದು ನಮ್ಮ ನಾಡಿನ ಮರಗಳಲ್ಲೂ ಹುಳು ಹುಡುಕುತ್ತ ಓಡಾಡುತ್ತದೆ. ಕೌವಿ ಮಾಡಿದ್ದಿಷ್ಟು: ಕೃತಕ ಮರಗಳ ಮೇಲೆ ಮರದಪುಡಿ ತುಂಬಿದ ಬಟ್ಟಲುಗಳನ್ನಿಟ್ಟು, ಪುಡಿಯೊಳಗೆ ಹುಳುಗಳನ್ನು ಹುದುಗಿಸಿ, ಬಟ್ಟಲಿಗೆ ಮುಚ್ಚಳ ಹಾಕಿದರು. ಮುಚ್ಚಳ ಸಡಿಲವಾಗಿದ್ದರೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ದಾರಿ ಹತ್ತಿರವಾದಂತೆ, ಬಿಗಿಯಾಗಿದ್ದರೆ ದೂರವಾದಂತೆ. ಮುಚ್ಚಳ ಬಿಗಿಯಾದಾಗ ಹಕ್ಕಿಗಳು ಒಂದೊಂದು ಬಟ್ಟಲಿನಲ್ಲೂ ಹೆಚ್ಚು ಹೊತ್ತು ಕೆದಕಿದವು. ನನ್ನ ಅಜ್ಜನ ಮಾತನ್ನು ಹಕ್ಕಿಗಳು ಅನುಮೋದಿಸಿದ್ದವು.

ಹಕ್ಕಿಯಾಗಲಿ ನೊಣವಾಗಲಿ ಭಾಗಾಕಾರ ಮಾಡುತ್ತದೆಂದು ಯಾರೂ ಹೇಳುವುದಿಲ್ಲ. ಸಾಲಾಗಿ ಎರಡು ಹೂ ಬರಿದಾಗಿ ಕಂಡರೆ ಮೂರನೆಯದನ್ನು ನೋಡದೆ ಹಾರುವುದು, ಈಗತಾನೆ ಇನ್ನೊಂದು ನೊಣ ಹೀರಿ ಬಿಟ್ಟುಹೋದ ಹೂವನ್ನು ಅದರ ಮೇಲೆ ಉಳಿದ ವಾಸನೆಯಿಂದಲೇ ತಿಳಿದು ಬಿಡುವುದು, ಇಂತಹ ಸಣ್ಣ ರೂಢಿಗಳೇ ಸಾಕು. ಸರಿಯಾದ ರೂಢಿ ಇದ್ದವು ಬದುಕಿ ಸಂತಾನ ಬೆಳೆಸಿದವು, ಇಲ್ಲದವು ಅಳಿದವು. ಲೆಕ್ಕ ಮಾಡಿದ್ದು ಕಾಲ. ನೊಣ ಉತ್ತರವನ್ನು ಮಾತ್ರ ಹೊತ್ತು ತಿರುಗುತ್ತಿದೆ.

ಜೇನ್ನೊಣದ ಮಿತವ್ಯಯ ಇದಕ್ಕೂ ಒಂದು ಹೆಜ್ಜೆ ಮುಂದಿನದು. ಅದು ಎಷ್ಟೋ ವೇಳೆ ಮಕರಂದದ ಚೀಲವನ್ನು ಪೂರ್ತಿ ತುಂಬಿಸಿಕೊಳ್ಳದೆಯೇ ಗೂಡಿಗೆ ಹಿಂತಿರುಗುತ್ತದೆ. ಭಾರ ಹೆಚ್ಚಿದಂತೆ ಹಾರಾಟಕ್ಕೆ ಖರ್ಚು ಹೆಚ್ಚು. ಹೂವಿನಿಂದ ಹೂವಿಗೆ ದೂರವಿದ್ದಾಗ, ಆ ಭಾರವನ್ನು ಹೊತ್ತು ಅಲೆಯುವುದರಲ್ಲೇ ಸಂಪಾದನೆ ಕರಗುತ್ತದೆ. ಖರ್ಚು ಮಾಡಿದ ಶಕ್ತಿಗೆ ಎಷ್ಟು ಪ್ರತಿಫಲ ಬಂದೀತೆಂಬುದೇ ಅದರ ಅಳತೆಗೋಲೆಂದು 1985ರಲ್ಲಿ ಶ್ಮಿಡ್-ಹೆಂಪೆಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ನಮ್ಮಲ್ಲಿ ಹರಿದಾಸರ ಭಿಕ್ಷೆಗೆ ಮಧುಕರವೃತ್ತಿ ಎಂಬ ಹೆಸರುಂಟು. ದುಂಬಿ ಹೂವನ್ನು ನೋಯಿಸದೆ ಒಂದೊಂದರಿಂದ ಒಂದಿಷ್ಟೇ ಪಡೆಯುವಂತೆ, ದಾಸನು ಮನೆಮನೆಯಿಂದ ಒಂದೊಂದು ಹಿಡಿ ಪಡೆಯಬೇಕು, ಯಾವ ಮನೆಗೂ ಭಾರವಾಗಬಾರದು ಎಂಬುದು ಅದರ ಆಶಯ. ವಿಜ್ಞಾನವನ್ನು ಓದಿದ ಮೇಲೆ, ದುಂಬಿಯ ಆ ಮಿತಿಗೆ ಕಾರಣ ಕರುಣೆಯಲ್ಲ, ಲೆಕ್ಕ ಎಂದು ತಿಳಿಯಿತು. ತಿಳಿದರೂ ಆ ಹೋಲಿಕೆಯ ಚೆಲುವು ನನಗೆ ಕುಂದಿದಂತೆ ತೋರಲಿಲ್ಲ. ಒಂದು ಮಾತು ಮಾತ್ರ ಹೊಸದಾಗಿ ಹೊಳೆಯಿತು: ಮಧುಕರವೃತ್ತಿ ನಡೆಯಬೇಕಾದರೆ ಮನೆಗಳು ಒಂದಕ್ಕೊಂದು ಹತ್ತಿರವಿರಬೇಕು. ಹರದಾರಿಗೊಂದು ಮನೆಯಾದರೆ ದಾಸನೂ ಒಂದೇ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದೀತು.

ದೂರವೊಂದೇ ಅಲ್ಲ, ಅಪಾಯವೂ ಈ ಲೆಕ್ಕದಲ್ಲಿ ಸೇರುತ್ತದೆ. ನಮ್ಮ ಚಾಮರಾಜನಗರ ಮತ್ತು ಅದರ ನೆರೆಯ ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಭ್ಯಸಿಸಿದ ಆರ್. ಸುಕುಮಾರ್ ಅವರು, ಮಾಧವ ಗಾಡ್ಗೀಳರೊಡನೆ 1988ರಲ್ಲಿ ಬರೆದ ಲೇಖನವೊಂದರಲ್ಲಿ, ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳು ಮರಿಗಳೊಡನಿರುವ ಹೆಣ್ಣಾನೆಗಳ ಹಿಂಡಿಗಿಂತ ಬಹಳ ಮುಂದೆಂದು ತೋರಿಸಿದರು. ರಾಗಿಯ ಹೊಲವೆಂದರೆ ಕಾಡಿನ ಅಂಚಿನಲ್ಲಿ ಒಂದೇ ಕಡೆ ರಾಶಿ ಸುರಿದಿಟ್ಟ ಪುಷ್ಟಿಕರವಾದ ಊಟ. ಆದರೆ ಅಲ್ಲಿ ಬೆಂಕಿಯುಂಟು, ತಮಟೆಯುಂಟು, ಸಾವೂ ಉಂಟು. ಒಂಟಿಗ ಆ ಪಂದ್ಯ ಕಟ್ಟುತ್ತಾನೆ; ಮರಿಯಿರುವ ತಾಯಿ ಹಿಂಜರಿಯುತ್ತಾಳೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲಿರುವ ರೈತನಿಗೆ ಈ ಲೆಕ್ಕ ಪುಸ್ತಕದ ವಿಷಯವಲ್ಲ.

ಮತ್ತೆ ನಮ್ಮ ಬೀದಿಗೆ ಬರೋಣ. ಮೇವು ಎಲ್ಲಿದೆಯೆಂದು ಜೇನ್ನೊಣಗಳು ಒಂದಕ್ಕೊಂದು ಕುಣಿತದಿಂದ ತಿಳಿಸುತ್ತವೆಂಬುದನ್ನು ಕಾರ್ಲ್ ಫಾನ್ ಫ್ರಿಶ್ ಕಂಡುಹಿಡಿದರು; 1973ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಮ್ಮ ನಾಡಿನ ಜೇನುಗಳ ಕುಣಿತವನ್ನು ಬೆಂಗಳೂರಿನಲ್ಲಿಯೇ ಅಳೆದು ನೋಡಿದ್ದುಂಟು. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಡುವೆ, ಕೋಲುಜೇನು, ಹೆಜ್ಜೇನು ಈ ಮೂರಕ್ಕೂ ಬೇರೆ ಬೇರೆ ‘ಉಪಭಾಷೆ’ಗಳಿರುವುದು ಖಚಿತವಾಯಿತು. ಒಂದೇ ದೂರವನ್ನು ಹೇಳಲು ತುಡುವೆ ಹೆಚ್ಚು ಹೊತ್ತು ಕುಣಿಯುತ್ತದೆ. ಹೆಜ್ಜೇನು ಚುಟುಕಾಗಿ ಮುಗಿಸುತ್ತದೆ. ತುಡುವೆಯ ಲೋಕ ಗೂಡಿನ ಸುತ್ತ ಒಂದು ಕಿಲೋಮೀಟರಿನಷ್ಟು. ಹೆಜ್ಜೇನಿನದು ಮೂರು ಕಿಲೋಮೀಟರಿನಷ್ಟು. ಕೋಲುಜೇನಿನದು ಇವೆರಡರ ನಡುವಣದು. ಚಿಕ್ಕ ಊರಿನವನಿಗೆ ಪಕ್ಕದ ಬೀದಿಯೂ ವಿವರಿಸಿ ಹೇಳಬೇಕಾದ ದೂರ. ಸಂಚಾರಿಗೆ ಮೂರು ಊರಿನಾಚೆಗಿನದೂ ‘ಇಲ್ಲೇ’.

ಈ ಅಳತೆಗಳನ್ನು ಹಿಡಿದು ನಾನೊಮ್ಮೆ ನಮ್ಮ ಬಡಾವಣೆಯ ನಕ್ಷೆಯನ್ನು ನೋಡಿದೆ. ಮರಗಿಡಗಳು ದಟ್ಟವಾಗಿರುವ ಜ್ಞಾನಭಾರತಿಯ ಆವರಣ ನಮ್ಮಿಂದ ಸುಮಾರು ಮೂರು ಕಿಲೋಮೀಟರು. ಹೆಜ್ಜೇನಿಗೆ ಕಷ್ಟದಿಂದ ಎಟುಕೀತು. ನಮ್ಮ ಬೀದಿಯ ತುಡುವೆಗೆ ಅದು ಪರದೇಶ. ಅತ್ತಿಗುಪ್ಪೆಯ ಹೆಸರಿನಲ್ಲಿ ಅತ್ತಿಯಿದೆ. 2015ರಿಂದ ಅಲ್ಲಿ ಮೆಟ್ರೋ ನಿಲ್ದಾಣವೂ ಇದೆ. ಹೆಸರಿನಲ್ಲಿರುವ ಮರದಿಂದ ಯಾವ ನೊಣಕ್ಕೂ ಹೊಟ್ಟೆ ತುಂಬದು.

ಈ ನಗರದಲ್ಲಿ ಮೇವಿನ ತಾಣಗಳನ್ನು ಹತ್ತಿರ ಹತ್ತಿರ ತಂದವರೂ ಇದ್ದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷವಿಡೀ ಎಲ್ಲಾದರೊಂದು ಕಡೆ ಹೂವಿರುವಂತೆ ಬೀದಿಯ ಮರಗಳನ್ನು ಯೋಜಿಸಿದರು. ಅದು ಮನುಷ್ಯರ ಕಣ್ಣಿಗಾಗಿ ಮಾಡಿದ ಏರ್ಪಾಡು. ಆದರೆ ನೊಣದ ಕಡೆಯಿಂದ ನೋಡಿದರೆ, ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವಣ ಉಪವಾಸವನ್ನು ಅವರು ಕಡಮೆ ಮಾಡಿದ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಮೊದಲನೆಯವರು ಕಾಲದ ಅಂತರವನ್ನು ಕುಗ್ಗಿಸಿದರೆ, ಎರಡನೆಯವರು ನೆಲದ ಅಂತರವನ್ನು ಕುಗ್ಗಿಸಿದರು.

ಇನ್ನು ನನ್ನ ಪಾಲಿನ ಮಾತು. ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಂಗೆಯ ಮರವಿತ್ತು. ಚೈತ್ರದಲ್ಲಿ ಚಿಗುರಿ, ಹೂಬಿಟ್ಟು, ರಸ್ತೆಗೆಲ್ಲ ಪುರಿ ಚೆಲ್ಲಿದಂತೆ ಹೂವುದುರಿಸುತ್ತಿತ್ತು. ಬೆಳಗಿನ ಹೊತ್ತು ಅದರ ಕೆಳಗೆ ನಿಂತರೆ ತಂಬೂರಿಯ ಶ್ರುತಿಯಂತೆ ಜೇನಿನ ಮೊರೆತ. ಆದರೆ ಆ ಹೂವು, ಎಲೆ ಮೋರಿಯನ್ನು ಕಟ್ಟುತ್ತಿದ್ದವು; ಬೇರು ಕಾಂಪೌಂಡನ್ನು ಎತ್ತುತ್ತಿತ್ತು. ಮರವನ್ನು ತೆಗೆಸಬೇಕೆಂದು ಬೀದಿಯವರು ಅರ್ಜಿ ಬರೆದರು. ಮಾಘ ಮಾಸದ ಒಂದು ಸಂಜೆ ಅದು ನನ್ನ ಬಳಿಗೂ ಬಂತು. ನಾನು ಓದಿದೆ, ನೆರೆಯವರ ಮುಖ ನೋಡಿದೆ, ರುಜು ಹಾಕಿದೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಹೇಳಿದವನ ಕೈ ಆ ಹೊತ್ತು ತಡೆಯಲಿಲ್ಲ. ಒಂದು ಮರ ತಾನೆ ಎಂದುಕೊಂಡೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಮರ ಮೊಗ್ಗೊಡೆದಿದ್ದಾಗ, ಕಡಿದರು. ಅದಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ದಾಳಿಂಬೆಯ ಮೇಲಿನ ಪರದೆ ಎದ್ದು ಹೊಗೆಯಂತೆ ಗಾಳಿಯಲ್ಲಿ ಸುತ್ತಿ, ನೀರಿನ ಟ್ಯಾಂಕುಗಳ ಮೇಲೆ ಹಾದು ಕಾಣದಾಯಿತು. ಹೊಂಗೆಯನ್ನು ಕಡಿದುದಕ್ಕೇ ಅವು ಹೋದವೆಂದು ನಾನು ಪ್ರಮಾಣ ಮಾಡಲಾರೆ. ಕೋಲುಜೇನು ಬಿಸಿಲು ಹೆಚ್ಚಿದರೂ ಏಳುತ್ತದೆ, ಇರುವೆ ಕಾಟಕ್ಕೂ ಏಳುತ್ತದೆ. ಆದರೆ ಅವರೆಕಾಯಿಯ ಲೆಕ್ಕ ನನ್ನನ್ನು ಬಿಡಲಿಲ್ಲ. ಒಂದು ಮರವನ್ನು ತೆಗೆದಾಗ ನಾವು ಒಂದು ಊಟವನ್ನು ಮಾತ್ರ ತೆಗೆಯುವುದಿಲ್ಲ. ಉಳಿದ ಎಲ್ಲ ಊಟಗಳಿಗೂ ದಾರಿಯನ್ನು ಉದ್ದ ಮಾಡುತ್ತೇವೆ. ರುಜು ಹಾಕುವಾಗ ನಾನು ಕಳೆಯುವ ಲೆಕ್ಕ ಮಾಡಿದ್ದೆ. ಮಾಡಬೇಕಾಗಿದ್ದುದು ಭಾಗಾಕಾರ.

ಮರುದಿನ ಬೆಳಗ್ಗೆ ಬರಿದಾದ ಎರಿಯ ಮೇಲೆ ಹತ್ತಿಪ್ಪತ್ತು ನೊಣಗಳು ಕುಳಿತಿದ್ದವು. ಹಳೆಯ ಎರಿಯ ಮೇಣವನ್ನು ಕೆರೆದು ಕೆರೆದು ಕಾಲಿಗೆ ಅಂಟಿಸಿಕೊಂಡು ಒಯ್ಯುತ್ತಿದ್ದವು. ಮೇಣ ದುಬಾರಿಯಾದ ಪದಾರ್ಥ. ಒಂದು ತೂಕ ಮೇಣ ಮಾಡಲು ಅದರ ಹಲವು ಪಟ್ಟು ಜೇನು ಬೇಕು. ಹೊಸ ಮನೆಗೆ ಹೋದವರು ಹಳೆಯ ಮನೆಯ ತೊಲೆ, ಬಾಗಿಲುಗಳನ್ನು ಕಿತ್ತು ಒಯ್ಯುವಂತೆ ಕೋಲುಜೇನು ಹಳೆಯ ಮೇಣವನ್ನು ಒಯ್ಯುತ್ತದೆ. ಆದರೆ ಇಲ್ಲಿಯೂ ಅದೇ ಲೆಕ್ಕ: ಹೊಸ ಗೂಡು ನೂರಿನ್ನೂರು ಮೀಟರಿನೊಳಗಿದ್ದರೆ ಮಾತ್ರ ಆ ಶ್ರಮಕ್ಕೆ ಫಲವುಂಟು, ಅದಕ್ಕಿಂತ ದೂರವಾದರೆ ಬಿಟ್ಟುಬಿಡುತ್ತದೆ. ಎಂದರೆ, ಅವು ಬರುತ್ತಿವೆ ಎಂಬುದೇ ನನಗೆ ಬಂದ ಪತ್ರವಾಗಿತ್ತು. ದೂರ ಹೋಗಿಲ್ಲ, ಇಲ್ಲೇ ಇದ್ದೇವೆ ಎಂದು.

ಮೂರು ದಿನ ಅವು ಹಾರುವ ದಿಕ್ಕನ್ನು ನೋಡಿದೆ. ನಾಲ್ಕನೆಯ ದಿನ ಛತ್ರಿ ಹಿಡಿದು ಆ ಕಡೆಯ ಬೀದಿಗಳಲ್ಲಿ ನಡೆದೆ. ಎರಡು ಬೀದಿಯಾಚೆ, ಇನ್ನೂ ಹೆಂಚು ಉಳಿದಿರುವ ಒಂದು ಹಳೆಯ ಮನೆಯ ಅಂಗಳದಲ್ಲಿ, ನಿಂಬೆಯ ಗಿಡದೊಳಗೆ ಅವು ತೂಗುತ್ತಿದ್ದವು. ಮನೆಯ ಒಡತಿ, ವಯಸ್ಸಾದಾಕೆ, ಹೊರಗೆ ಬಂದರು. “ಮೇಷ್ಟ್ರೇ, ಪಕ್ಕದ ಮನೆಯೋರು ಹೊಗೆ ಹಾಕ್ಸಿ ಅಂತಾವ್ರೆ. ಜೇನು ತಾನಾಗಿ ಬಂದಿರೋದು. ಓಡಿಸೋದು ಸರಿಯಾ ನೀವೇ ಹೇಳಿ,” ಎಂದು ಕೇಳಿದರು. ನನಗೆ ಮಾತು ಹೊರಡುವುದು ತಡವಾಯಿತು. “ಬೇಡಮ್ಮ, ಇರಲಿ ಬಿಡಿ. ಅವಕ್ಕೆ ಇನ್ನು ಹೋಗೋದಕ್ಕೆ ಹೆಚ್ಚು ಜಾಗ ಇಲ್ಲ,” ಎಂದೆ. ಪಕ್ಕದ ಮನೆಯವರ ಬಳಿಗೂ ಹೋಗಿ ಕೋಲುಜೇನಿನ ಸಾಧುತನವನ್ನು ವಿವರಿಸಿದೆ. ಅವರು ಒಪ್ಪಿದರೋ, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟರೋ ತಿಳಿಯದು, ಹೊಗೆಯನ್ನಂತೂ ಹಾಕಿಸಲಿಲ್ಲ.

ಬೀದಿಯ ತಿರುವಿನಲ್ಲಿ ಈಗ ಒಂದು ಹೊಂಗೆ ಸಸಿ ಇದೆ. ಅರ್ಜಿಗೆ ರುಜು ಹಾಕಿದವರಲ್ಲಿ ಮೂವರು ಸೇರಿ ನೆಟ್ಟದ್ದು. ಹೂಬಿಡಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಇರಲೆಂದು ನನ್ನ ತುಳಸಿಕಟ್ಟೆಯ ಪಕ್ಕದಲ್ಲಿ, ನಡುವಣ ಒಂದೆರಡು ಮನೆಗಳ ತಾರಸಿಯ ಮೇಲೆ, ತುಳಸಿ, ಕಾಮಕಸ್ತೂರಿಯ ಕುಂಡಗಳನ್ನಿರಿಸಿದ್ದೇವೆ. ಇವು ಮರಕ್ಕೆ ಸಮವಲ್ಲ. ಒಂದು ಊಟದಿಂದ ಇನ್ನೊಂದು ಊಟಕ್ಕೆ ಹೋಗುವ ದಾರಿಯಲ್ಲಿ ದಣಿವಾರಿಸಿಕೊಳ್ಳುವ ಅರವಟ್ಟಿಗೆಗಳು, ಅಷ್ಟೆ.

ಅಜ್ಜ ಕೊನೆಗಾಲದಲ್ಲಿ ಕುರಿಗಳನ್ನೆಲ್ಲ ಮಾರಿದರು. ಗೋಮಾಳಗಳಿಗೆ ಒಂದೊಂದಾಗಿ ಬೇಲಿ ಬಿದ್ದಿತ್ತು. ಏಕೆ ಮಾರಿದೆ ಅಜ್ಜ ಎಂದು ಕೇಳಿದಾಗ ಅವರೆಂದದ್ದು ಇಂದಿಗೂ ಕಿವಿಯಲ್ಲಿದೆ: “ಎಬ್ಸೋ ಹೊತ್ತು ಗೊತ್ತು ಕಣ್ಲಾ ಮಗ. ಆದ್ರೆ ಮುಂದ್ಲ ಬೀಳೇ ಇಲ್ಲದ ಮ್ಯಾಲೆ, ಎಬ್ಸಿ ಎಲ್ಲಿಗೆ ಹೊಡೀಲಿ?”

ಯಾವಾಗ ಬಿಡಬೇಕೆಂಬ ಲೆಕ್ಕ ನೊಣಕ್ಕೆ ಚೆನ್ನಾಗಿ ಗೊತ್ತು. ಬಿಟ್ಟು ಹೊರಟಾಗ ಎಟುಕುವ ದೂರದಲ್ಲಿ ಇನ್ನೊಂದು ಹೂವಿರಬೇಕು. ಅದು ನಮ್ಮ ಕೈಯಲ್ಲಿದೆ.